ಸಾವುಕಾರರ ಸಿಸ್ಟಮ್, ಸಂಗಮೇಶನ ರೊಟ್ಟಿ

ಗುರುಲಿಂಗಪ್ಪ ಸಾವುಕಾರರು ವಿಜಯಪುರಕ್ಕೆ ಹೋದದ್ದು ಊಟಕ್ಕೆ. ಸಣ್ಣ ಕಾರ್ಖಾನೆಗಳ ಮಾಲೀಕರಿಗೆಂದು ಯಾರೋ ತರಬೇತಿ ಇಟ್ಟಿದ್ದರು. ಮಧ್ಯಾಹ್ನ ಹೋಳಿಗೆ ಇದೆಯೆಂಬ ಸುದ್ದಿ ತಿಳಿದು ಸಾವುಕಾರರು ತಮ್ಮ ಹೆಸರು ಬರೆಸಿದ್ದರು. ಆದರೆ ಹೋಳಿಗೆ ಬರುವ ಮುಂಚೆ ಒಬ್ಬ ಕನ್ನಡಕದವನು ಗೋಡೆಯ ಮೇಲೆ ಚಿತ್ರ ತೋರಿಸುತ್ತ ಮಾತಿಗೆ ನಿಂತ. ಹೊಟ್ಟೆ ಖಾಲಿ ಇದ್ದುದರಿಂದ ಅವನ ಮಾತು ಅಡ್ಡಿಯಿಲ್ಲದೆ ಸೀದಾ ಸಾವುಕಾರರ ತಲೆಗೆ ಏರಿತು. ಹೋಳಿಗೆ ಮರುದಿನಕ್ಕೆ ಕರಗಿತು. ಮಾತು ಕರಗಲಿಲ್ಲ.

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಾವುಕಾರರ ಖಡಕ್ ರೊಟ್ಟಿಯ ಕಾರ್ಖಾನೆ. ಬೆಳಿಗ್ಗೆ ಅಲ್ಲಿಗೆ ಬಂದವರೇ ಸೂಪರ್‌ವೈಜರ್ ಸಂಗಮೇಶನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು.

"ಸಂಗಪ್ಪಾ, ಕಾಲಾಗ ಮುಳ್ಳು ಚುಚ್ಚಿದ್ರ ಏನಾಕೈತಿ?"

"ಚಪ್ಪಲ್ ಸವದೈತಿ ಅಂತ ಗೊತ್ತಾಕೈತ್ರಿ."

"ಅದಲ್ಲಲೇ! ಚುಚ್ಚಿದ್ದು ಕಾಲಿಗೆ. 'ಯವ್ವಾ' ಅನ್ನೋದು ಯಾವುದು? ಬಾಯಿ. ನೀರು ಬರೋದು ಎಲ್ಲಿ? ಕಣ್ಣಾಗ. ಕಾಲೆಲ್ಲಿ, ಕಣ್ಣೆಲ್ಲಿ! ಆದ್ರೂ ಎಲ್ಲಾ ಒಂದ. ಅದಕ್ಕ ಸಿಸ್ಟಮ್ ಅಂತಾರ. ನಮ್ಮ ಕಾರ್ಖಾನಿನೂ ಹಂಗ. ಗಿರಣಿ ಬ್ಯಾರೆ, ಒಲಿ ಬ್ಯಾರೆ, ಡಬ್ಬಿ ಬ್ಯಾರೆ ಅಂತ ನೋಡಬಾರದು. ಪೂರಾ ಒಂದ ಮೈ ಅಂತ ನೋಡಬೇಕು. ತಿಳೀತಿಲ್ಲೋ?"

"ತಿಳೀತ್ರಿ," ಎಂದ ಸಂಗಮೇಶ. ಸಾವುಕಾರರ ಮಾತಿಗೆ ಮೊದಲು ಹೌದೆನ್ನಬೇಕು, ತಿಳಿದುಕೊಳ್ಳುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂಬುದು ಅವನ ಅನುಭವ.

"ಕಲಬುರ್ಗಿ ಲಗ್ನದ ರೊಟ್ಟಿ ಇವತ್ತ ಸಂಜಿ ಬಸ್ಸಿಗೆ ಹೋಗಬೇಕು. ಒಂದ ಡಬ್ಬಿ ಸೈತ ಹಿಂದ ಉಳೀಬಾರದು. ಇನ್ನೊಂದ ಮಾತು. ಇಂಡಿ ಊರಾಗ ನಮ್ಮ ಹೊಸಾ ಕಾರ್ಖಾನಿ ಚಾಲೂ ಆಗೂದೈತಿ. ಅಲ್ಲಿ ಒಬ್ಬ ಮ್ಯಾನೇಜರ್ ಬೇಕು. ಯಾರನ್ನ ಕಳಸಬೇಕು ಅನ್ನೋದನ್ನ ಇವತ್ತಿನ ಕೆಲಸಾ ನೋಡಿ ಸಂಜಿಕ ಹೇಳ್ತೇನಿ."

ಇಂಡಿ ಎಂಬ ಹೆಸರು ಕೇಳಿದ್ದೇ ಸಂಗಮೇಶನ ಎದೆ ಬಿಸಿ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು.

ಅವನ ಮನೆ ಇಂಡಿಯ ಮಗ್ಗುಲಿನ ಸಾಲೋಟಗಿಯಲ್ಲಿ. ದಿನಾ ಕೋಳಿ ಕೂಗುವ ಮುಂಚೆ ಮನೆ ಬಿಟ್ಟು ಇಂಡಿಗೆ ಬಂದು, ಅಲ್ಲಿಂದ ಸಿಂದಗಿ ಬಸ್ಸು ಹಿಡಿಯಬೇಕು. ತಿರುಗಿ ಮನೆ ಮುಟ್ಟುವ ಹೊತ್ತಿಗೆ ಮಗಳು ಮಾಲಾ ಮಲಗಿರುತ್ತಿದ್ದಳು. ಮೊನ್ನೆ ಅಂಗನವಾಡಿಯಲ್ಲಿ ಟೀಚರು "ನಿಮ್ಮಪ್ಪ ಎಲ್ಲಿರ್ತಾನವ್ವಾ?" ಎಂದು ಕೇಳಿದ್ದಕ್ಕೆ ಅವಳು, "ರವಿವಾರ ನಮ್ಮನಿಗೆ ಬರ್ತಾನ್ರಿ" ಎಂದಿದ್ದಳಂತೆ. ಹೆಂಡತಿ ಸುನಂದಾಳದು ಇನ್ನೊಂದು ಮಾತು: "ಊರ ಮಂದಿಗೆಲ್ಲ ಬಿಸಿ ರೊಟ್ಟಿ ಮಾಡಸ್ತೀರಿ. ಬೀಗರು ಬಂದಂಗ ಬಂದು ಮನ್ಯಾಗ ತಂಗಳಾ ಉಣ್ತೀರಿ." ಓಣಿಯ ನಾಯಿಯಂತೂ ಕತ್ತಲಲ್ಲಿ ಅವನ ವಾಸನೆ ಹಿಡಿದು ಬಾಲ ಅಲ್ಲಾಡಿಸುತ್ತಿತ್ತು, ರವಿವಾರ ಹಗಲು ಹೊತ್ತಿನಲ್ಲಿ ಕಂಡರೆ ಕಳ್ಳನೆಂದು ಬೆನ್ನು ಹತ್ತುತ್ತಿತ್ತು. ಇಂಡಿಯ ಕೆಲಸ ಸಿಕ್ಕರೆ ಮಗಳ ಜೊತೆ ಕೂತು ಉಣ್ಣಬಹುದು. ನಾಯಿಗೂ ಹಗಲಿನಲ್ಲಿ ಪರಿಚಯವಾದೀತು.

ಸಂಗಮೇಶ ತೋಳು ಮಡಿಚಿಕೊಂಡು ಒಳಗೆ ನಡೆದ.

ಕಾರ್ಖಾನೆ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು. ಒಂದು ಮೂಲೆಯಲ್ಲಿ ಅಯೂಬನ ಹಿಟ್ಟಿನ ಗಿರಣಿ. ನಡುವೆ ಸಾಲಾಗಿ ಒಲೆಗಳು. ಒಂದೊಂದು ಒಲೆಗೆ ಇಬ್ಬಿಬ್ಬರು ಹೆಂಗಸರ ಜೋಡಿ: ಒಬ್ಬಳು ಬಿಸಿನೀರಿನ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು, ಇನ್ನೊಬ್ಬಳು ಹಂಚಿನ ಮೇಲೆ ಬೇಯಿಸಬೇಕು. ಬೆಂದ ರೊಟ್ಟಿ ಪಡಸಾಲೆಗೆ ಹೋಗಿ, ಬಟ್ಟೆಯ ಮೇಲೆ ಆರಿ ಖಡಕ್ಕಾಗಬೇಕು. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದರೆ ಬೆವರಿ, ಮುದುಡಿ, ಚರ್ಮದಂತಾಗುತ್ತದೆ. ಕೊನೆಗೆ ರಟ್ಟಿನ ಡಬ್ಬಿಗಳ ಕೋಣೆ. ಅದರ ಉಸ್ತುವಾರಿ ಯುವರಾಜನದು. ಖಾಲಿ ಡಬ್ಬಿಗಳು ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ತಾವಿರುವಂಥವು. ಯುವರಾಜನೂ ಹಾಗೆಯೇ. ಬೆಳಿಗ್ಗೆ ಬಂದು, ಮುರಿದ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ತಿಂದು, ಡಬ್ಬಿಗಳ ನಡುವೆ ಆಗಲೇ ಅಡ್ಡಾಗಿದ್ದ.

ಎಲ್ಲಿ ಕೆಲಸ ನಿಧಾನವಾಗುತ್ತಿದೆ ಎಂದು ಸಂಗಮೇಶ ನೋಡುತ್ತ ಬಂದ. ನಾದಿದ ಹಿಟ್ಟು ರೊಟ್ಟಿ ಬಡಿಯುವ ಕಲ್ಲಿನ ಪಕ್ಕ ಗುಡ್ಡೆ ಬಿದ್ದಿತ್ತು. ಕಾರಣ ಇಂದ್ರಾಬಾಯಿ. ಅವಳು ತನ್ನ ಜೋಡಿಯ ಹೊನ್ನವ್ವನಿಗೆ ಕತೆ ಹೇಳುತ್ತಿದ್ದಳು. ಮುದ್ದೇಬಿಹಾಳದಲ್ಲಿದ್ದ ಅವಳ ನಾದಿನಿ ಗಂಡನ ಸಂಗಡ ಜಗಳ ತೆಗೆದು ಬಸವನ ಬಾಗೇವಾಡಿಯ ಅಕ್ಕನ ಮನೆಗೆ ಬಂದು ಕೂತಿದ್ದಳು. ಕತೆ ಬಿಗಿಯಾದಂತೆ ಇಂದ್ರಾಬಾಯಿಯ ಕೈ ಸಡಿಲವಾಗುತ್ತಿತ್ತು.

"ಬಡಿಯೋ ಕೈ ಸಾಲವಲ್ವು, ಸಂಗಪ್ಪಾ." ಕಿಟಕಿಯಲ್ಲಿ ಒಂದು ತಲೆ ಮಾತಾಡಿತು. ಅದು ಮಗ್ಗುಲಿನ ಚಹಾ ಅಂಗಡಿಯ ಖಂಡೆಪ್ಪನದು. ಅವನ ಅಂಗಡಿಯಲ್ಲಿ ಚಹಾಕ್ಕಿಂತ ಸಲಹೆ ಹೆಚ್ಚು ಕುದಿಯುತ್ತಿತ್ತು. "ಹಿಂದಿನ ಓಣ್ಯಾಗ ಇರಮ ಅದಾಳ. ಅಕಿ ಕೈ ಮಶೀನ್ ಇದ್ದಂಗ. ಅಕಿ ಜೋಡಿ ಗೆಳತ್ಯಾರನೂ ಕರಸು."

ಸಂಗಮೇಶ ಇರಮಳನ್ನು ಕರೆಸಿದ. ಅವಳು ಗೆಳತಿಯರೊಡನೆ ಬಂದು ಕೂತದ್ದೇ ತಡ, ತಗಡಿನ ಮೇಲೆ ಆಣೆಕಲ್ಲು ಬಿದ್ದಂತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಹಿಟ್ಟಿನ ಗುಡ್ಡೆ ಕರಗಿಹೋಯಿತು. ಸಂಗಮೇಶ ಮೀಸೆ ತಿರುವಿದ. ತಿರುವಿದ ಕೈ ಕೆಳಗಿಳಿಯುವ ಮುಂಚೆ ಹೊನ್ನವ್ವನ ದನಿ ಎದ್ದಿತು.

"ಲೇ ಸಂಗ್ಯಾ! ನನಗಿರೋದು ಒಂದ ಹಂಚು, ಎರಡ ಕೈ. ಇದೇನು ರಾವಣನ ಮನಿ ಅಡಗಿ ಅಂತ ತಿಳದೀಯೇನು?"

ಹೊನ್ನವ್ವ ಕಾರ್ಖಾನೆಯ ಹಿರಿಯಳು. ಸಾವುಕಾರರನ್ನೂ ಏಕವಚನದಲ್ಲಿ ಕರೆಯುವ ಅಧಿಕಾರ ಅವಳಿಗಿತ್ತು. ನೋಡಿದರೆ, ಬಡಿದ ರೊಟ್ಟಿಗಳು ಅವಳ ಸುತ್ತ ಹರಡಿ, ಹಂಚಿಗಾಗಿ ಕಾಯುತ್ತ ಅಂಚು ಒಣಗಿ ಬಿರುಕು ಬಿಡುತ್ತಿದ್ದವು. ಗುಡ್ಡೆ ಕಲ್ಲಿನಿಂದ ಎದ್ದು ಹಂಚಿನ ಮುಂದೆ ಬಂದು ಕೂತಿತ್ತು.

"ತಡೀಬೇ ದೊಡ್ಡವ್ವಾ, ಇದಕ್ಕೂ ಒಂದು ಹಾದಿ ಐತಿ," ಎಂದ ಸಂಗಮೇಶ. ಹಿತ್ತಲಲ್ಲಿ ಒಬ್ಬೊಬ್ಬರಿಗೆ ಎರಡೆರಡು ಬರುವಷ್ಟು ಹಳೆಯ ಕಟ್ಟಿಗೆ ಒಲೆಗಳಿದ್ದವು. ಅವನ್ನೆಲ್ಲ ಹೊತ್ತಿಸಿ, ಬೇಯಿಸುವವರೆಲ್ಲ ಹಿತ್ತಲಿಗೆ, ಬಡಿಯುವವರೆಲ್ಲ ಒಳಗೆ ಎಂದು ವಿಂಗಡಿಸಿಬಿಟ್ಟ. ಒಂದೇ ಕೆಲಸದವರು ಒಂದೇ ಕಡೆ ಇದ್ದರೆ ಓಟ ಹೆಚ್ಚುತ್ತದೆ ಎಂಬುದು ಅವನ ಲೆಕ್ಕ. ಅವನು ಹೊನ್ನವ್ವನ ರಟ್ಟೆ ಹಿಡಿದು ಎಬ್ಬಿಸುವಾಗ ಇಂದ್ರಾಬಾಯಿ ಕತೆಯ ನಟ್ಟನಡುವೆ ಇದ್ದಳು.

"ಗಂಡ ಮುದ್ದೇಬಿಹಾಳದಿಂದ ಬಂದಾ... ಬಾಗಲಾಗ ನಿಂತಾ... ಇಡೀ ಓಣಿ ಮಂದಿ ನೋಡಾಕ ನೆರೆದೈತಿ... ಆಗ ಅಂವ ಏನಂದಾ ಅಂದ್ರ..."

"ಏ, ಏನಂದಾ?" ಎಂದು ಹೊನ್ನವ್ವ ಕೇಳುತ್ತಿದ್ದಂತೆಯೇ ಸಂಗಮೇಶ ಅವಳನ್ನು ಹಿತ್ತಲಿಗೆ ಸಾಗಿಸಿದ.

ಇಲ್ಲಿಂದ ಎರಡು ಅನಾಹುತ ಒಟ್ಟಿಗೇ ಹುಟ್ಟಿದವು. ಜೋಳದ ಹಸಿ ರೊಟ್ಟಿ ಪ್ರಯಾಣಕ್ಕೆ ಒಗ್ಗುವಂಥದ್ದಲ್ಲ. ಕಲ್ಲಿನಿಂದ ಎದ್ದು ಕೈಯಳತೆಯ ಹಂಚಿಗೆ ಹಾರಬೇಕು, ಅಷ್ಟೇ. ಪರಾತವೆಂಬ ಅಗಲ ತಟ್ಟೆಯಲ್ಲಿ ಮಲಗಿ ಶೆಡ್ಡು ದಾಟಿ ಹಿತ್ತಲು ಮುಟ್ಟುವಷ್ಟರಲ್ಲಿ ಅದು ಒಂದಕ್ಕೊಂದು ಅಂಟಿ, ಹರಿದು, ಭೀಮಾ ಹೊಳೆಯ ದಂಡೆಯ ನಕಾಶೆಯಂತಾಗುತ್ತಿತ್ತು. ಇನ್ನೊಂದು, ಬಾಗಿಲಲ್ಲಿ ನಿಂತ ಗಂಡ ಏನಂದ ಎಂಬುದು ಹಿತ್ತಲಿನವರಿಗೆ ತಿಳಿಯಲಿಲ್ಲ. ಪ್ರತಿ ಪರಾತದ ಸಂಗಡ ಒಂದು ಪ್ರಶ್ನೆ ಒಳಗೆ ಹೋಗುತ್ತಿತ್ತು. ಇಂದ್ರಾಬಾಯಿ ಹಟ ಹಿಡಿದು ಕೂತಳು: "ನಾ ಹೊನ್ನವ್ವನ ಮುಂದನ ಹೇಳಾಕಿ. ಪರಾತದಾಗ ಕತಿ ಕಳಸಾಕ ಬರೂದುಲ್ಲ."

ಹೊನ್ನವ್ವ ಒಳಗಿನ ದಿಕ್ಕಿಗೆ ಕಿವಿ ಕೊಟ್ಟು ಕೂತು ಎರಡು ರೊಟ್ಟಿ ಕರಕಲು ಮಾಡಿದಳು.

ಆದರೂ ಒಲೆಗಳು ಹೆಚ್ಚಿದ್ದರಿಂದ ರೊಟ್ಟಿ ಹೇಗೋ ಬೆಂದು ಬರತೊಡಗಿತು. ಈಗ ಗುಡ್ಡೆ ಪಡಸಾಲೆಯಲ್ಲಿ ಪ್ರತ್ಯಕ್ಷವಾಯಿತು. ಹರಡಲು ಜಾಗವಿಲ್ಲದೆ ಬಿಸಿ ರೊಟ್ಟಿಗಳು ಒಂದರ ಮೇಲೊಂದು ಕೂತು ಬೆವರತೊಡಗಿದವು. ಗಾಳಿಯೋ, ಆ ದಿನ ರಜೆ ಹಾಕಿದಂತಿತ್ತು.

ಕಿಟಕಿಯಲ್ಲಿ ಮತ್ತೆ ಖಂಡೆಪ್ಪ. "ಫ್ಯಾನ್ ಹಚ್ಚಲೇ ಹುಚ್ಚಾ! ಜುಲ್ಫಿಕರನ ಶಾಮಿಯಾನಾ ಅಂಗಡ್ಯಾಗ ಲಗ್ನದ ಫ್ಯಾನ್ ಅದಾವು. ಒಂದೊಂದು ಎತ್ತಿನ ಗಾಡಿ ಗಾಲಿ ಅಷ್ಟು ದೊಡ್ಡವು."

ಫ್ಯಾನುಗಳು ಬಂದವು. ಸಂಗಮೇಶ ಸ್ವಿಚ್ಚು ಒತ್ತಿದ. ಅವು ಮೊದಲು ಗುಡುಗಿದವು, ಆಮೇಲೆ ಬೀಸಿದವು. ಪಡಸಾಲೆಯ ಗಾಳಿ ಶೆಡ್ಡಿನೊಳಗೆ ನುಗ್ಗಿ, ಗಿರಣಿಯ ಮೂಲೆ ಹೊಕ್ಕು, ಅಲ್ಲಿದ್ದ ಹಿಟ್ಟನ್ನೆಲ್ಲ ಎಬ್ಬಿಸಿಕೊಂಡು ಹೊರಬಂದಿತು. ಒಂದು ಗಳಿಗೆ ಯಾರಿಗೆ ಯಾರೂ ಕಾಣಲಿಲ್ಲ. ಮರುಗಳಿಗೆ ಫಟ್ಟೆಂದು ಸದ್ದಾಗಿ ಫ್ಯೂಜು ಹಾರಿತು. ಫ್ಯಾನು ನಿಂತಿತು, ಗಿರಣಿಯೂ ನಿಂತಿತು. ಬಿಳಿಯ ಮೋಡದೊಳಗಿಂದ ಇನ್ನೂ ಬಿಳಿಯದೊಂದು ಆಕೃತಿ ನಡೆದುಬಂತು. ಕಣ್ಣು ಪಿಳುಕಿಸಿದ್ದರಿಂದ ಅದು ಅಯೂಬ ಎಂದು ಗುರುತು ಸಿಕ್ಕಿತು.

"ಸಂಗಣ್ಣಾ, ಗಿರಣಿ ಬಂದ್."

"ಯಾಕ ಅಯೂಬಭಾಯಿ?"

"ನಿನ್ನ ಫ್ಯಾನು ನನ್ನ ಗಿರಣಿ ಕರೆಂಟ್ ಉಂಡು ಬಿಡ್ತು. ಉಂಡದ್ದು ಅದಕ್ಕೂ ದಕ್ಕಲಿಲ್ಲ."

ಗಿರಣಿ ನಿಂತ ಮೇಲೆ ಹಿಟ್ಟಿಲ್ಲ. ಹಿಟ್ಟಿಲ್ಲದೆ ನಾದುವುದೇನು, ಬಡಿಯುವುದೇನು? ಹೆಂಗಸರು ಕೈ ಝಾಡಿಸಿ ಎದ್ದು, ಹೇಗಿದ್ದರೂ ಕೆಲಸ ನಿಂತಿದೆ ಎಂದು ಚಹಾಕ್ಕೆ ಹೊರಟರು. ಒಳಗಿನವರು ಹೋದದ್ದು ಕಂಡು ಹಿತ್ತಲಿನವರೂ ಹೊರಟರು. ಅವರಿಗೆ ಚಹಾಕ್ಕಿಂತ ಕತೆಯ ಉಳಿದರ್ಧ ಬೇಕಿತ್ತು. ಆದರೆ ಒಲೆಯ ಮುಂದಲ್ಲದೆ ಬೇರೆಲ್ಲೂ ಕತೆ ಹೇಳುವವಳಲ್ಲ ಇಂದ್ರಾಬಾಯಿ. ಖಂಡೆಪ್ಪನ ಅಂಗಡಿಯಲ್ಲಿ ಹಾಲು ಮುಗಿಯಿತು. ಬಸ್ ಸ್ಟ್ಯಾಂಡಿನಿಂದ ಬರುವ ಅವನ ಕಾಯಂ ಗಿರಾಕಿಗಳು ಕುಳಿತುಕೊಳ್ಳಲು ಜಾಗ ಕಾಣದೆ ಎದುರಿನ ಅಂಗಡಿಗೆ ನಡೆದರು.

"ಸಂಗ್ಯಾ! ನಿನ್ನ ಸಿಸ್ಟಮ್ ಈಗ ನನ್ನ ಹಾಲಿನ ಪಾತೇಲಿ ತನಕ ಬಂತಲ್ಲೋ!" ಖಂಡೆಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಬೆಳಗಿನಿಂದ ಅವನು ಸಲಹೆ ಕೊಡದೆ ಆಡಿದ ಮೊದಲ ಮಾತು ಅದು.

ಸರಿಯಾಗಿ ಆ ಹೊತ್ತಿಗೇ ಸಾವುಕಾರರು ಬಂದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಆರಿದ ಒಲೆ, ನಿಂತ ಗಿರಣಿ, ಬೆವರುವ ರೊಟ್ಟಿ, ಬೆಳ್ಳಗಾದ ಸೂಪರ್‌ವೈಜರ್, ಎಲ್ಲವನ್ನೂ ನೋಡುತ್ತ ಒಂದು ಸುತ್ತು ಬಂದರು. ಬೈದಿದ್ದರೆ ಸಂಗಮೇಶನಿಗೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ.

"ಪೂರಾ ನೋಡು, ಸಂಗಪ್ಪಾ. ಪೂರಾ," ಎಂದು ಹೇಳಿ ಊಟಕ್ಕೆ ಹೊರಟುಹೋದರು.

ಸಂಗಮೇಶ ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತ. ಇಂಡಿಯ ಕುರ್ಚಿ ಕಣ್ಣೆದುರೇ ಬಸ್ಸು ಹತ್ತಿ ಹೋಗುತ್ತಿರುವಂತೆ ಕಂಡಿತು. ಕೈಗೆ ಸಿಕ್ಕ ಹರಕು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಬೆಳಗಿನಿಂದ ತಾನು ಮಾಡಿದ್ದಾದರೂ ಏನು? ಗುಡ್ಡೆಯನ್ನು ಕರಗಿಸಲಿಲ್ಲ, ಹಮಾಲನಂತೆ ಇಲ್ಲಿಂದ ಎತ್ತಿ ಅಲ್ಲಿಗೆ, ಅಲ್ಲಿಂದ ಎತ್ತಿ ಇನ್ನೊಂದು ಕಡೆಗೆ ಹೊತ್ತು ಹಾಕಿದ್ದೇ ಬಂತು.

ಕಂಪೌಂಡ್ ಗೋಡೆಯಾಚೆ ಬಸ್ ಸ್ಟ್ಯಾಂಡು ಕಾಣುತ್ತಿತ್ತು. ಅಲ್ಲಿ ಒಂದು ಬಸ್ಸು ಬಂದು ನಿಂತಿತ್ತು. ಮಂದಿಯೆಲ್ಲ ಒಮ್ಮೆಲೇ ಬಾಗಿಲಿಗೆ ಮುಗಿಬಿದ್ದಿದ್ದರು. ಒಬ್ಬನ ಚೀಲ ಇನ್ನೊಬ್ಬನ ಕುತ್ತಿಗೆಗೆ, ಒಬ್ಬಳ ಸೆರಗು ಮತ್ತೊಬ್ಬನ ಕೊಡೆಗೆ. ಒಳಗೆ ಸೀಟುಗಳು ಖಾಲಿ, ಹೊರಗೆ ಯುದ್ಧ. ಹಿಂದಿನವರು ಜೋರು ಮಾಡಿದಷ್ಟೂ ಬಾಗಿಲು ಇನ್ನಷ್ಟು ಬಿಗಿಯಾಗುತ್ತಿತ್ತು. ಆಗ ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಸೀಟಿ ಊದಿದ. "ಏ, ಹಿಂದ ಸರೀರಿ! ಒಬ್ಬರು ಹತ್ತಿದ ಮ್ಯಾಲ ಒಬ್ಬರು!" ನೋಡುನೋಡುತ್ತಲೇ ಬಸ್ಸು ತುಂಬಿ, ಹೊರಟೇ ಹೋಯಿತು.

ರೊಟ್ಟಿಯ ತುಣುಕು ಸಂಗಮೇಶನ ಬಾಯಲ್ಲೇ ಉಳಿಯಿತು. ಅವನು ದಡಕ್ಕನೆ ಎದ್ದ.

"ಅಯೂಬಭಾಯಿ! ಫ್ಯೂಜ್ ಹಾಕು! ದೊಡ್ಡವ್ವಾ, ಎಲ್ಲಾರೂ ಒಳಗ ನಡೀರಿ! ಹಂಚು, ಹಂಚು ನಮ್ಮ ಬಸ್ಸಿನ ಬಾಗಲಾ!"

"ಇಂವಗ ಹಿಟ್ಟು ತಲಿಗೇರೈತಿ," ಎಂದಳು ಹೊನ್ನವ್ವ. ಆದರೂ ಎದ್ದಳು.

ಸಂಗಮೇಶ ಜೋಡಿಗಳನ್ನು ಮತ್ತೆ ಅವರವರ ಒಲೆಗೆ ಕೂಡಿಸಿದ. ಇರಮ ಮತ್ತು ಅವಳ ಗೆಳತಿಯರಿಗೆ ರೊಟ್ಟಿ ಬಡಿಯುವುದು ಬಿಡಿಸಿ, ಪಡಸಾಲೆಯಲ್ಲಿ ರೊಟ್ಟಿ ಹರಡಿ ಡಬ್ಬಿ ತುಂಬುವ ಕೆಲಸಕ್ಕೆ ಹಚ್ಚಿದ. ಒಂದು ಫ್ಯಾನು ಇಟ್ಟುಕೊಂಡು ಉಳಿದವನ್ನು ಜುಲ್ಫಿಕರನಿಗೆ ಮುಟ್ಟಿಸಿದ. ಶೆಡ್ಡಿನ ನಟ್ಟನಡುವೆ ನಿಂತು ಸಾರಿದ: "ಹಂಚಿನ ಮ್ಯಾಗಿನ ರೊಟ್ಟಿ ಇಳಿದ ಮ್ಯಾಲನ ಮುಂದಿನ ಹಿಟ್ಟು ನಾದಬೇಕು. ನಾದಿದಷ್ಟ ಗಿರಣಿ ಬೀಸಬೇಕು. ಯಾರೂ ಜಾಸ್ತಿ ಶ್ಯಾಣ್ಯಾ ಆಗಬ್ಯಾಡ್ರಿ! ನಾ ಹೇಳ್ತೇನಿ, ನೀವು ಮಾಡ್ರಿ."

ಇಷ್ಟಾದರೂ ಒಲೆಗಳ ಮುಂದೆ ಏನೋ ಸಾಗಲಿಲ್ಲ. ಹೆಂಗಸರ ಕೈ ಹಿಟ್ಟಿನಲ್ಲಿದ್ದರೂ ಕಣ್ಣು ಇಂದ್ರಾಬಾಯಿಯ ಮೇಲಿತ್ತು. ಸಂಗಮೇಶನಿಗೆ ಹೊಳೆಯಿತು.

"ಇಂದ್ರಾಬಾಯಾರ, ಆ ಗಂಡ ಬಾಗಲಾಗ ನಿಂತು ಏನಂದಾ? ಹೇಳಿಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಇಂದ್ರಾಬಾಯಿ ರೊಟ್ಟಿ ಎತ್ತಿ ಹೊನ್ನವ್ವನ ಹಂಚಿಗೆ ಹಾಕಿದಳು. "ಓಣಿ ಮಂದಿ ಎಲ್ಲಾ, 'ತಪ್ಪಾತು ಮನಿಗೆ ನಡಿ' ಅಂತಾನ ಅಂತ ಕಾದಾರ. ಅಂವ ಅಂದಾ, 'ಕಪಾಟಿನ ಕೀಲಿಕೈ ಎಲ್ಲಿಟ್ಟೀ? ಅದನ್ನ ಕೇಳಾಕ ಬಂದೇನಿ.'"

"ಅಯ್ಯ ಅವನ! ಅದಕ್ಕ ಇಕಿ ಏನಂದ್ಳು?" ಎಂದು ಹೊನ್ನವ್ವ ಕೇಳಿದಳು.

"'ಬಾವ್ಯಾಗ ಒಗದೇನಿ. ಜಿಗೀ, ಸಿಗತೈತಿ' ಅಂದ್ಳು!"

ಶೆಡ್ಡಿನ ತಗಡು ನಡುಗುವಂತೆ ನಗು ಎದ್ದಿತು. ನಗುವಿನ ಜೊತೆಗೇ ಕೈಗಳು ಬಿರುಸಾದವು. ಬಡಿ, ಹಾಕು, ಮಗುಚು, ಇಳಿಸು. ಒಬ್ಬರ ಕೈಯಿಂದ ಬಿಟ್ಟದ್ದು ಇನ್ನೊಬ್ಬರ ಕೈಯಲ್ಲಿ. ಸಂಗಮೇಶ ನಡುವೆ ಬುಗುರಿಯಂತೆ ತಿರುಗುತ್ತಿದ್ದ. "ಅಯೂಬಭಾಯಿ, ಬಂದ್ ಮಾಡು! ... ಈಗ ಬೀಸು! ... ಇಂದ್ರಾಬಾಯಾರ, ತುಸು ತಡೀರಿ! ... ಇರಮಾ, ಆ ಮೂಲ್ಯಾಗಿನವು ಆರ್ಯಾವು, ತುಂಬವ್ವಾ!" ಅವನ ದನಿ ಒಂದು ಗಳಿಗೆ ನಿಂತರೆ ಎಲ್ಲರೂ ತಲೆ ಎತ್ತಿ ಅವನ ಮುಖ ನೋಡುತ್ತಿದ್ದರು. ಇದರ ಸುಖವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ತಾನೇ ಇಡೀ ಕಾರ್ಖಾನೆಯ ನಾಡಿಯಾದಂತೆ ಅನಿಸಿತು.

ಡಬ್ಬಿ ತರಲು ಹೋದ ಇರಮ ಕೋಣೆಯಿಂದಲೇ ಕೂಗಿದಳು. "ಸಂಗಣ್ಣಾ, ಇಲ್ಲಿ ಯಾರೋ ಮಲಗ್ಯಾರ!"

"ಅಂವ ಯುವರಾಜ. ಅಂವನ್ನ ಬಿಟ್ಟು ಉಳದದ್ದು ತಗೋ."

ಅವರು ಯುವರಾಜನ ಸುತ್ತಲಿನ ಡಬ್ಬಿ ತೆಗೆದರು, ಮಗ್ಗುಲಿನದನ್ನು ತೆಗೆದರು, ಕೊನೆಗೆ ತಲೆಗೆ ಆಸರೆಯಾಗಿದ್ದುದನ್ನೂ ಎಳೆದುಕೊಂಡರು. ತಲೆ ನೆಲಕ್ಕೆ ಬಂತು. ನಿದ್ದೆ ಮಾತ್ರ ಇದ್ದಲ್ಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಡಬ್ಬಿಗಳೆಲ್ಲ ಬಸ್ ಸ್ಟ್ಯಾಂಡು ಸೇರಿದವು. ಕಲಬುರ್ಗಿ ಬಸ್ಸಿನ ಕಂಡಕ್ಟರ್ ಗಡಿಯಾರ ನೋಡುತ್ತ, "ಇದೇನು ಬಸ್ಸೋ, ರೊಟ್ಟಿ ಬುಟ್ಟಿಯೋ?" ಎಂದು ಗೊಣಗಿದ. ಖಂಡೆಪ್ಪನೂ ಸಿಟ್ಟು ಮರೆತು ಡಬ್ಬಿ ಎತ್ತಿಕೊಟ್ಟ. ಯಾವ ಡಬ್ಬಿ ಎಲ್ಲಿಡಬೇಕೆಂದು ಸಲಹೆಯನ್ನೂ ಕೊಟ್ಟ. ಬಸ್ಸು ಹೊಗೆ ಬಿಟ್ಟು ಹೊರಟಿತು. ಒಂದು ಡಬ್ಬಿಯೂ ಹಿಂದೆ ಉಳಿಯಲಿಲ್ಲ. ಸಂಗಮೇಶ ಅಂಗಿಯ ಹಿಟ್ಟು ಕೊಡವಿಕೊಂಡು, ಮದುಮಗನ ನಡಿಗೆಯಲ್ಲಿ ಕಾರ್ಖಾನೆಗೆ ಮರಳಿದ.

ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಸಾವುಕಾರರು ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಖ ತುಂಬ ನಗು.

"ಭೇಷ್ ಸಂಗಪ್ಪಾ! ಮಧ್ಯಾಹ್ನ ನಾ ಆಶಾನ ಬಿಟ್ಟಿದ್ದೆ. ಹೆಂಗ ಮಾಡಿದಿ?"

ಸಂಗಮೇಶ ಗಂಟಲು ಸರಿಮಾಡಿಕೊಂಡ. "ಪೂರಾ ನೋಡಿದೆ ಅಷ್ಟರಿ. ಒಂದ ಕಡೆ ಜೋರು ಮಾಡಿದ್ರ ಮತ್ತೊಂದ ಕಡೆ ಸಿಕ್ಕೋತೈತ್ರಿ. ಎಲ್ಲಾ ಒಂದಕ್ಕೊಂದು ಕಟಗೊಂಡಾವು. ಎಲ್ಲಿ ಇಕ್ಕಟ್ಟು ಐತಿ ಅದರ ತಾಳಕ್ಕ ಉಳದೋರು ಕುಣೀಬೇಕ್ರಿ."

"ವಿಜಯಪುರದಾಗ ಆ ಕನ್ನಡಕದಂವ ಎರಡ ತಾಸು ಹೇಳಿದ್ದನ್ನ ಒಂದ ಮಾತಿನಾಗ ಹೇಳಿದಿ ನೋಡು!" ಸಾವುಕಾರರು ತೊಡೆ ತಟ್ಟಿದರು. "ಈಗ ಒಂದ ಕೇಳ್ತೇನಿ. ಇಂಥಾ ಮೈಯಾಗಿಂದ ಏನರ ಒಂದು ತಗದು ಬ್ಯಾರೆ ಕಡೆ ಇಡಬೇಕಾತು. ಯಾವುದನ್ನ ತಗೀಬೇಕು?"

ಇದು ಮ್ಯಾನೇಜರ್ ಪರೀಕ್ಷೆಯ ಕೊನೆಯ ಪ್ರಶ್ನೆ ಎಂದು ಸಂಗಮೇಶನಿಗೆ ಗೊತ್ತಾಗಿಹೋಯಿತು. ಅವನು ತಡಮಾಡಲಿಲ್ಲ. "ಭಾಳ ಸರಳ ಐತ್ರಿ. ಯಾವುದನ್ನ ತಗದ್ರ ಉಳದದ್ದೆಲ್ಲಾ ನಿಂದರತೈತಿ, ಅದನ್ನ ಮುಟ್ಟಬಾರದ್ರಿ. ಯಾವುದನ್ನ ತಗದ್ರ ಯಾರಿಗೂ ಗೊತ್ತ ಆಗೂದುಲ್ಲ, ಅದನ್ನ ಆರಾಮ ತಗದು ಕಳಸಬೌದ್ರಿ."

"ಶಾಬಾಸ್! ನಾನೂ ಹಂಗ ವಿಚಾರ ಮಾಡೇನಿ." ಸಾವುಕಾರರು ಎದ್ದು ನಿಂತರು. "ಇಂಡಿಗೆ ಯುವರಾಜ ಹೋಗ್ತಾನ."

ಸಂಗಮೇಶ ಕಿವಿಯೊಳಗಿನ ಹಿಟ್ಟು ಕೊಡವಿಕೊಂಡ.

"ಯು... ಯುವರಾಜ ಏನ್ರಿ?" ಸಂಗಮೇಶನ ದನಿ ಅಯೂಬನ ಗಿರಣಿಯಂತೆ ಇದ್ದಕ್ಕಿದ್ದಂತೆ ನಿಂತಿತು.

"ಮತ್ತ? ನೀ ಡಬ್ಬಿ ಹಾಕಾಕ ಬಸ್ ಸ್ಟ್ಯಾಂಡಿಗೆ ಹೋದಿ. ನಾ ಇಲ್ಲೇ ಕುಂತು ನೋಡೇನಿ. ಇವರೆಲ್ಲಾ 'ಸಂಗಪ್ಪ ಎಲ್ಲಿ, ಒಲಿ ಆರಸಬೇಕೇನು? ಸಂಗಪ್ಪ ಎಲ್ಲಿ, ನಾಳೆ ಜ್ವಾಳಾ ಹಸನ ಮಾಡಬೇಕೇನು?' ಅಂತ ಕೈ ಕಟಗೊಂಡು ನಿಂತಿದ್ರು. ಯುವರಾಜ ಎಲ್ಲಿ ಅಂತ ಒಬ್ಬರರ ಕೇಳ್ಯಾರೇನು? ಮುಂಜಾನಿಂದ ಅಂವ ಇಲ್ಲ. ಕೆಲಸಾ ನಿಂತಿತೇನು?"

"ಸಾವ್ಕಾರ್ರ, ನಾ ಏನೂ ಮಾಡಿಲ್ರಿ!" ಸಂಗಮೇಶ ಕೈಮುಗಿದ. "ಎಲ್ಲಾ ಇವರ ಮಾಡ್ಯಾರ್ರಿ. ನಾ ಸುಮ್ಮನ ನಡುವ ನಿಂತು ಒದರಾಕತ್ತಿದ್ದೆ, ಅಷ್ಟರಿ. ನಾ ಇಲ್ಲದಿದ್ರೂ ನಡೀತೈತ್ರಿ."

ಇಲ್ಲಿಯವರೆಗೆ ಸುಮ್ಮನಿದ್ದ ಹೊನ್ನವ್ವನಿಗೆ ಇದನ್ನು ಕೇಳಿ ಕರುಳು ಚುರುಕ್ಕೆಂದಿತು. "ಏ ಗುರಲಿಂಗ್ಯಾ, ಅಂವ ದೊಡ್ಡ ಮನಸಿನಂವ, ಹಂಗ ಅಂತಾನ. ಸಂಗ್ಯಾ ಇಲ್ಲದಿದ್ರ ಇವತ್ತ ಒಂದ ರೊಟ್ಟಿ ಹಂಚು ಏರತಿರಲಿಲ್ಲ. ನನ್ನಾಣಿ."

"ಖರೇ ಐತ್ರಿ," ಎಂದಳು ಇಂದ್ರಾಬಾಯಿ. "ಸಂಗಪ್ಪ ಹೋದ್ರ ನಾವು ಯಾರ ಮಾತು ಕೇಳೋದ್ರಿ?"

"ದೊಡ್ಡವ್ವಾ, ಸುಮ್ಮನಿರಬೇ! ಇಂದ್ರಾಬಾಯಾರ, ನಿಮ್ಮ ಕಾಲ ಹಿಡೀತೇನಿ," ಎಂದು ಸಂಗಮೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೋಡ್ರಿ, ಹೊಗಳಿದ್ರ ನಾಚ್ಕೋತಾನ!" ಅಯೂಬ ಅವನ ಬೆನ್ನು ತಟ್ಟಿ ಹಿಟ್ಟು ಹಾರಿಸಿದ. "ಸಂಗಣ್ಣ ಇಲ್ಲದ ನಾ ಗಿರಣಿ ಸ್ವಿಚ್ ಮುಟ್ಟೂದುಲ್ರಿ ಸಾವ್ಕಾರ್ರ."

ಕಂಪೌಂಡ್ ಗೋಡೆಯ ಮೇಲೆ ಖಂಡೆಪ್ಪನ ತಲೆ ಮೂಡಿತು. "ಇಂಥಾ ಮನಶಾನ್ನ ಬಿಟ್ಟಕೊಡಬ್ಯಾಡ್ರಿ. ಕಟ್ಟಿ ಹಾಕ್ಕೋರಿ." ಆ ದಿನ ಅವನು ಕೊಟ್ಟ ಸಲಹೆಗಳಲ್ಲಿ ಪೂರ್ತಿ ಫಲಿಸಿದ್ದು ಇದೊಂದೇ.

ಸಾವುಕಾರರ ಕಣ್ಣು ಒದ್ದೆಯಾಯಿತು. "ಕೇಳಿದೆಲ್ಲ ಸಂಗಪ್ಪಾ, ನಿನ್ನ ಮ್ಯಾಲ ಎಷ್ಟು ಜೀವ ಇಟ್ಟಾರ! ನೀ ಈ ಮೈಯಿನ ಬೆನ್ನಹುರಿ. ಬೆನ್ನಹುರಿ ತಗದು ಇಂಡಿಗೆ ಕಳಸಾಕ ನನಗೇನು ಹುಚ್ಚ?"

ಯುವರಾಜನನ್ನು ಎಬ್ಬಿಸಿ ಕರೆತಂದರು. ಕೆನ್ನೆಯ ಮೇಲೆ ನೆಲದ ಫರಸಿಕಲ್ಲಿನ ಗೆರೆಗಳು ಮೂಡಿದ್ದವು. ಮ್ಯಾನೇಜರ್ ಆದ ಸುದ್ದಿ ಕೇಳಿ ಅವನು ಆಕಳಿಸಿದ. ಬಾಯಿ ಮುಚ್ಚಿದ ಮೇಲೆ, "ಹೂಂನ್ರಿ," ಎಂದ. ಇಂಡಿಯಲ್ಲಿ ಅವನ ಸೋದರತ್ತೆಯ ಮನೆಯಿತ್ತು. "ಸಂಗಪ್ಪನ ಜೋಡಿ ಈಗಿನ ಬಸ್ಸಿಗೇ ಹೋಗು. ಅಂವಗ ದಾರಿ ಪೂರಾ ಗೊತ್ತೈತಿ," ಎಂದು ಸಾವುಕಾರರು ಕಳಿಸಿಕೊಟ್ಟರು.

ಬಸ್ಸು ಸಿಂದಗಿ ದಾಟಿತು. ಎರಡೂ ಕಡೆ ತೊಗರಿ ಹೊಲಗಳ ಮೇಲೆ ಹೊತ್ತು ಮುಳುಗುತ್ತಿತ್ತು. ಮಗಳಿಗೆ ಏನು ಹೇಳಬೇಕು, ಸುನಂದಾಳಿಗೆ ಹೇಗೆ ಹೇಳಬೇಕು ಎಂದು ಸಂಗಮೇಶ ಕಿಟಕಿಯ ಸರಳಿಗೆ ಹಣೆ ಆನಿಸಿ ಯೋಚಿಸುತ್ತಿದ್ದ. ಮಗ್ಗುಲಲ್ಲಿ ಕೂತ ಹೊಸ ಮ್ಯಾನೇಜರ್ ಮೆಲ್ಲಗೆ ಅವನ ಮೊಣಕೈ ತಿವಿದ.

"ಅಣ್ಣಾರ, ಇಂಡ್ಯಾಗ ನಾ ಏನ ಮಾಡಬೇಕ್ರಿ?"

ಸಂಗಮೇಶ ಅವನತ್ತ ತಿರುಗಿದ. ಸಿಟ್ಟು ಬರುತ್ತದೆಂದು ಕಾದ. ಬರಲಿಲ್ಲ, ನಗು ಬಂತು.

"ಏನೂ ಮಾಡಬ್ಯಾಡೋ ತಮ್ಮಾ. ಮಾಡಿದಿ ಅಂದ್ರ ನನ್ನಂಗ ಅಲ್ಲೇ ಉಳೀತಿ."

ಯುವರಾಜ ಆ ಮಾತನ್ನು ಮನಸ್ಸಿಗೆ ತಂದುಕೊಂಡವನಂತೆ ತಲೆಯಾಡಿಸಿ, ಸಂಗಮೇಶನ ಹೆಗಲಿಗೆ ತಲೆ ಇಟ್ಟು ಮಲಗಿಬಿಟ್ಟ. ಇಂಡಿ ಬಂದಾಗ ಅವನನ್ನು ಎಬ್ಬಿಸಿ ಇಳಿಸುವ ಕೆಲಸವೂ ಸಂಗಮೇಶನಿಗೇ ಬಿತ್ತು.